ಮೀನಿನ ರಸವಿಲ್ಲದೆ ಮನೆಯಲ್ಲೇ ಕಿಮ್ಚಿ ಹಾಕಿದವರು ಅನುಭವ ಹೇಳಿ

ಸುವಾನ್ ಹೊಸಬ:
ಕೊರಿಯಾದಲ್ಲಿ ಇದು ನಮಗೆ ಎರಡನೆಯ ಚಳಿಗಾಲ. ಕಿಮ್ಚಿ ಎಂದರೆ ಇಲ್ಲಿನವರ ಹುಳಿ ಬರಿಸಿದ ತರಕಾರಿಯ ಉಪ್ಪಿನಕಾಯಿ. ಅಂಗಡಿಯಲ್ಲಿ ಯಾವ ಕಿಮ್ಚಿ ಡಬ್ಬಿ ತಿರುಗಿಸಿ ಓದಿದರೂ ಎಕ್‌ಜೊತ್ ಎಂಬ ಮೀನಿನ ರಸ ಇರುತ್ತದೆ, ಇಲ್ಲವೇ ಸೆವುಜೊತ್ ಎಂಬ ಉಪ್ಪು ಸಿಗಡಿ. ನಾವು ಸಸ್ಯಾಹಾರಿಗಳು, ಈರುಳ್ಳಿ, ಬೆಳ್ಳುಳ್ಳಿ ತಿನ್ನುತ್ತೇವೆ. ಈ ನವೆಂಬರ್‌ನಲ್ಲಿ ಮನೆಯಲ್ಲೇ ಹಾಕಬೇಕೆಂದಿದ್ದೇವೆ. ಮೀನು, ಸಿಗಡಿ ಇಲ್ಲದೆ ಹುಳಿ ಸರಿಯಾಗಿ ಬರುತ್ತದೆಯೇ? ಕಿಮ್ಚಿ ಫ್ರಿಜ್ ಕೊಳ್ಳಲೇಬೇಕೇ? ಜನವರಿಯಲ್ಲಿ ಅಪ್ಪ ಬರುತ್ತಾರೆ, ರಕ್ತದೊತ್ತಡದ ಮಾತ್ರೆ ನಡೆಯುತ್ತಿದೆ. ಅವರು ತಿನ್ನಬಹುದೇ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮಲೆನಾಡಿನ ಮಗಳು, ದೇಜೋನ್:
ಎಲ್ಲಕ್ಕಿಂತ ಮೊದಲು ಉಪ್ಪು. ನನ್ನ ಮೊದಲ ವರ್ಷದ ಕಿಮ್ಚಿ ಅಷ್ಟೂ ಕಹಿಯಾಗಿ ಹೋಯಿತು, ಅದಕ್ಕೆ ಕಾರಣ ಉಪ್ಪು ಮಾರಿದವನು. ಮೂರು ವರ್ಷ ಹಳೆಯ ಚೊನಿಲ್‌ಯೊಮ್ (ಬಿಸಿಲಿನಲ್ಲಿ ಒಣಗಿಸಿದ ಸಮುದ್ರದ ಉಪ್ಪು) ಎಂದು ಹೇಳಿ ಆ ಬೇಸಿಗೆಯ ಹಸಿ ಉಪ್ಪನ್ನೇ ಕೊಟ್ಟಿದ್ದ. ಚೀಲದ ತಳದಲ್ಲಿ ನೀರು ಜಿನುಗುತ್ತಿತ್ತು. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಲವಣ ಬಸಿದು ಹೋಗದಿದ್ದರೆ ಎಲೆಗೆ ಕಹಿ ಹತ್ತುತ್ತದೆ. ಹಾಕಿದ ಬೇಚು (ಇಲ್ಲಿನ ಉದ್ದನೆಯ ಎಲೆಕೋಸು), ಮೂಲಂಗಿ, ಪೇರು (ಪೇರ್ ಹಣ್ಣು) ಎಲ್ಲವೂ ಕಸಕ್ಕೆ ಹೋದವು. ಇಲ್ಲಿ ಆಹಾರದ ಕಸ ಎಸೆಯುವುದಕ್ಕೂ ದುಡ್ಡು ಕೊಡಬೇಕು, ಅದೂ ಹೊಟ್ಟೆ ಉರಿಸಿತು.

ಈಗ ಸಿನಾನ್ ದ್ವೀಪಗಳ ಉಪ್ಪು ತರಿಸಿ, ಬಾಲ್ಕನಿಯಲ್ಲಿ ಇಟ್ಟಿಗೆಯ ಮೇಲೆ ಚೀಲ ನಿಲ್ಲಿಸಿ ನಾನೇ ಬಸಿಯುತ್ತೇನೆ. ಕಳೆದ ನವೆಂಬರ್‌ನ ಲೆಕ್ಕ ಹೇಳುತ್ತೇನೆ ಕೇಳಿ: ಹತ್ತು ಬೇಚು 32,000 ವೋನ್, ಬಿಸಿಲಿನಲ್ಲಿ ಒಣಗಿಸಿದ ಗೊಚುಗಾರು (ಇಲ್ಲಿನ ಮೆಣಸಿನಪುಡಿ) ಎರಡು ಗುನ್, ಅಂದರೆ 1.2 ಕೆ.ಜಿ., 38,000, ಮೂಲಂಗಿ, ಪೇರು, ಶುಂಠಿ, ಬೆಳ್ಳುಳ್ಳಿ ಸೇರಿ 27,000, ದಶಿಮಾ ಕಡಲಕಳೆ ಮತ್ತು ಒಣ ಅಣಬೆ 14,000. ಒಟ್ಟು 1,11,000. ಉಪ್ಪು ಬೇರೆ. ದಶಿಮಾ, ಅಣಬೆ ಕುದಿಸಿದ ನೀರಿನಲ್ಲಿ ಅಂಟಕ್ಕಿ ಹಿಟ್ಟಿನ ಗಂಜಿ ಕಾಯಿಸಿ, ಸಾರಿಗೆ ಹಾಕುವ ಸೋಯಾ ರಸ ಸ್ವಲ್ಪ ಬೆರೆಸುತ್ತೇನೆ. ಪಕ್ಕದ ಮನೆಯ ಹಲ್ಮೊನಿ (ಅಜ್ಜಿ) ತಿಂದು, ಪಾತ್ರೆ ಹಿಂದಿರುಗಿಸಲು ಬಂದವರು ಇನ್ನಷ್ಟು ಕೇಳಿ ಒಯ್ದರು. ಎಪ್ಪತ್ತು ದಾಟಿದ ಅವರ ನಾಲಗೆಗೆ ಒಪ್ಪಿದ ಮೇಲೆ ನನಗೆ ಬೇರೆ ಪ್ರಮಾಣಪತ್ರ ಬೇಡ.

ಪುಸಾನ್ ವಾಸಿ, ಕಾರವಾರ ಮೂಲ:
ಅಕ್ಕ, ಬೇಸರ ಮಾಡಿಕೊಳ್ಳಬೇಡಿ, ಜೊತ್, ಅಂದರೆ ಉಪ್ಪಿನಲ್ಲಿ ಹದವಾದ ಮೀನು, ಸಿಗಡಿ, ಇಲ್ಲದ್ದು ಖಾರದ ಎಲೆಕೋಸು ಅಷ್ಟೇ. ನಾನು ಪ್ರತಿ ವಸಂತದಲ್ಲಿ ಗಿಜಾಂಗ್ ಬಂದರಿಗೆ ಹೋಗಿ ಹಸಿ ಮ್ಯೊಲ್ಚಿ ಮೀನು ತಂದು, ಉಪ್ಪು ಬೆರೆಸಿ, ಒಂಗಿ ಎಂಬ ಮಣ್ಣಿನ ಜಾಡಿಯಲ್ಲಿ ಮುಂದಿನ ವರ್ಷದವರೆಗೆ ಬಿಡುತ್ತೇನೆ. ಅಪಾರ್ಟ್‌ಮೆಂಟಿನವರು ವಾಸನೆಯೆಂದು ದೂರು ಕೊಟ್ಟರು. ಒಂಗಿಯನ್ನು ಮಾವನವರ ಹಳ್ಳಿಮನೆಗೆ ಸಾಗಿಸಲು ಟೆಂಪೊ ಬಾಡಿಗೆಯೇ 60,000 ಆಯಿತು. ದಾರಿಯಲ್ಲಿ ಒಂದು ಒಂಗಿ ಸೀಳಿತು, ಹೊಸದಕ್ಕೆ 85,000. ಕೊಟ್ಟೆ. ಆ ರುಚಿಗೆ ಅಷ್ಟು ಕೊಡಬಹುದು. ದಕ್ಷಿಣದ ಕಿಮ್ಚಿಗೆ ಉಪ್ಪೂ ಹೆಚ್ಚು, ಜೊತ್ ಕೂಡ ಹೆಚ್ಚು, ಏಕೆಂದರೆ ಇಲ್ಲಿ ಚಳಿ ಕಡಿಮೆ, ಬೇಗ ಹುಳಿಯಾಗುತ್ತದೆ. ದಶಿಮಾ ನೀರು ಹಾಕಿ ಇದೂ ಅದೇ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಮಲೆನಾಡಿನ ಮಗಳು, ದೇಜೋನ್:
ಕೇಳಿದವರು ಸಸ್ಯಾಹಾರಿಗಳು ಎಂದು ಮೊದಲಲ್ಲೇ ಬರೆದಿದ್ದಾರೆ. ಅದನ್ನು ಓದಿದ ಮೇಲೂ ಮೀನಿನ ಕಥೆ ಹೇಳುವುದು ಯಾರ ಉಪಯೋಗಕ್ಕೆ? ನಾನು ಬೆಳಗಿನ ಜಾವ ಎದ್ದು ಎಲೆ ತಿರುವಿ ಹಾಕುತ್ತೇನೆ, ಬೆರಳ ಸಂದಿಯಲ್ಲಿ ಖಾರ ಹೊಕ್ಕು ಎರಡು ದಿನ ಉರಿಯುತ್ತದೆ. ಅದನ್ನು ಖಾರದ ಎಲೆಕೋಸು ಎನ್ನಬೇಡಿ.

ರಾಘವೇಂದ್ರ ಭಕ್ತೆ, ಸೋಲ್:
ನಮ್ಮ ಮನೆಯಲ್ಲಿ ಬೆಳ್ಳುಳ್ಳಿಯೂ ಇಲ್ಲ. ಇಲ್ಲಿನ ಬೌದ್ಧ ಮಠಗಳ ಅಡುಗೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿಯ ಜಾತಿಯ ಐದು ಘಾಟಿನ ಸೊಪ್ಪುಗಳನ್ನು ಬಿಟ್ಟಿದ್ದಾರೆಂದು ತಿಳಿದ ದಿನ ನನಗೆ ಕಣ್ಣು ತುಂಬಿ ಬಂತು. ಜಾಂಗ್‌ಸೊಂಗ್‌ನ ಬೆಕ್‌ಯಾಂಗ್‌ಸಾ ಮಠದ ಕಡೆಗೆ ಹೋಗಿ ಬಂದ ಮೇಲೆ ಧೈರ್ಯ ಬಂತು. ಮೂಲಂಗಿ, ಶುಂಠಿ, ಪೇರು, ಸೋಯಾ ರಸ, ಗೊಚುಗಾರು, ಇಷ್ಟೇ. ಹುಳಿ ನಿಧಾನವಾಗಿ ಬರುತ್ತದೆ, ಆದರೆ ಬರುತ್ತದೆ. ಪುಸಾನ್ ಅಣ್ಣ, ಮೆಣಸಿನಕಾಯಿ ಕೊರಿಯಾಕ್ಕೆ ಬಂದದ್ದೇ 16ನೆಯ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೂ ಮೊದಲು ಇವರು ಉಪ್ಪಿನಲ್ಲಿ ತರಕಾರಿ ಹಾಕುತ್ತಲೇ ಇದ್ದರು. ಇಂದಿಗೂ ಬೆಕ್‌ಕಿಮ್ಚಿಗೆ ಖಾರ ಹಾಕುವುದಿಲ್ಲ. ಯಾವುದು ಅಸಲಿ ಎಂದು ನೀವು ತೀರ್ಪು ಕೊಡಬೇಡಿ.

ಪುಸಾನ್ ವಾಸಿ, ಕಾರವಾರ ಮೂಲ:
ತೀರ್ಪು ಕೊಡುತ್ತಿಲ್ಲ, ನನ್ನ ಅತ್ತೆ ಹೇಳಿದ್ದನ್ನು ಹೇಳುತ್ತಿದ್ದೇನೆ. ಅವರು ಕೊರಿಯಾದವರು. ಕಿಮ್‌ಜಾಂಗ್ ದಿನ ನೂರು ಬೇಚು ಹಾಕುವ ಮನೆಯವರು. 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಊರೆಲ್ಲ ಕೂಡಿ ಹಾಕಿ ಹಂಚಿಕೊಳ್ಳುವ ಆ ಕಿಮ್‌ಜಾಂಗ್. ಅಂಥವರ ಮಾತಿಗೆ ತೂಕವಿದೆ.

ಅನಾಮಿಕ, ಯೊಂಗಿನ್:
ಫ್ರಿಜ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಕಿಮ್ಚಿ ಫ್ರಿಜ್ 1995ರ ನಂತರ ಮನೆಮನೆಗೆ ಬಂತು, ಅಪಾರ್ಟ್‌ಮೆಂಟಿನಲ್ಲಿ ಒಂಗಿ ಹೂಳಲು ನೆಲವಿಲ್ಲ ಎಂಬ ಕಾರಣಕ್ಕೆ. ಸಾಮಾನ್ಯ ಫ್ರಿಜ್ಜಿನಲ್ಲಿ ಬಾಗಿಲು ತೆಗೆದಾಗಲೆಲ್ಲ ಶಾಖ ಒಳಗೆ ಬರುತ್ತದೆ, ಕಿಮ್ಚಿಗೆ ಬೇಕಾದದ್ದು ಅಲುಗಾಡದ ಸೊನ್ನೆ ಡಿಗ್ರಿಯ ಆಸುಪಾಸು. ನಾನು ಮೇಲಿನಿಂದ ಮುಚ್ಚಳ ತೆಗೆಯುವ ಹಳೆಯದೊಂದನ್ನು 1,80,000ಕ್ಕೆ ಕೊಂಡೆ. ಮಾರಿದವನು ಏನೂ ದೋಷವಿಲ್ಲವೆಂದು ಆಣೆ ಹಾಕಿದ್ದ. ಫೆಬ್ರುವರಿಯಲ್ಲಿ ಕಂಪ್ರೆಸರ್ ಸತ್ತಿತು. ದುರಸ್ತಿಯವನು ನೋಡಿ ಹೋದದ್ದಕ್ಕೇ 25,000, ಬಿಡಿಭಾಗಕ್ಕೆ 1,40,000 ಎಂದ. ಬಿಟ್ಟುಬಿಟ್ಟೆ. ದೊಡ್ಡ ವಿದ್ಯುತ್ ಸಾಮಾನು ಎಸೆಯುವ ಗೊಂದಲ ಬೇರೆ. ಅಷ್ಟರಲ್ಲಿ ಒಳಗಿದ್ದ ಡಬ್ಬಿಗಳಲ್ಲಿ ಅನಿಲ ತುಂಬಿ ಒಂದರ ಮುಚ್ಚಳ ಹಾರಿ ರಸವೆಲ್ಲ ಹೊಸ ಗೋಡೆ ಕಾಗದಕ್ಕೆ ಬಡಿಯಿತು. ಬಾಡಿಗೆ ಮನೆ. ಮನೆಯೊಡತಿ ಠೇವಣಿಯಲ್ಲಿ 3,00,000 ಹಿಡಿದುಕೊಂಡರು. ಇಬ್ಬರಿರುವ ಮನೆಗೆ ಎರಡು ಬೇಚು ಹಾಕಿ, ತಿಂದು ಮುಗಿಸಿ, ಮತ್ತೆ ಹಾಕಿ. ಡಬ್ಬಿಯ ಮುಕ್ಕಾಲು ಭಾಗ ಮಾತ್ರ ತುಂಬಿ.

ಮಲೆನಾಡಿನ ಮಗಳು, ದೇಜೋನ್:
ಎರಡೆರಡೇ ಹಾಕಿದರೆ ಬೇಸಿಗೆಯಲ್ಲಿ ಏನು ಮಾಡುತ್ತೀರಿ? 2024ರ ಸೆಪ್ಟೆಂಬರ್‌ನಲ್ಲಿ ಒಂದು ಬೇಚು ಹತ್ತು ಸಾವಿರ ವೋನ್‌ಗೆ ಹತ್ತಿರವಾಗಿತ್ತು. ಗಾಂಗ್‌ವೊನ್ ಬೆಟ್ಟದ ಬೆಳೆ ಬಿಸಿಲಿಗೆ ಕರಗಿ, ಸರ್ಕಾರ ಚೀನಾದಿಂದ ತರಿಸಿತು. ಆಗ ನಮ್ಮ ಮನೆಯಲ್ಲಿ ನವೆಂಬರ್‌ನ ಕಿಮ್ಚಿ ಮುಗುನ್‌ಜಿಯಾಗಿ (ಹಳೆಯದಾಗಿ ಹುಳಿ ಬಲಿತ ಕಿಮ್ಚಿ) ಹದವಾಗಿ ಕುಳಿತಿತ್ತು, ಒಂದು ವೋನ್ ಖರ್ಚಿಲ್ಲ. ಇದು ತಿನ್ನುತ್ತ ನನ್ನ ಸಕ್ಕರೆ ಅಂಶವೂ ಇಳಿದಿದೆ. ಕಿಮ್ಚಿಯಷ್ಟು ಒಳ್ಳೆಯದು ಇನ್ನೊಂದಿಲ್ಲ.

ಪ್ರಯೋಗಾಲಯದವನು, ಕ್ವಾಂಗ್ಜು:
ಈ ಮಾತಿಗಾಗಿಯೇ ಬರೆಯುತ್ತಿದ್ದೇನೆ. ಕಿಮ್ಚಿಯಿಂದ ಎಲ್ಲ ವಾಸಿಯಾಗುತ್ತದೆ ಎಂದು ನಂಬಿಸಿದವರಿಂದ ನನ್ನ ತಾಯಿ ಆಸ್ಪತ್ರೆ ಸೇರಿದರು. ಅವರು ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರು. ಇಲ್ಲಿಗೆ ಬಂದವರು ಆರೋಗ್ಯಕ್ಕೆ ಒಳ್ಳೆಯದೆಂದು ಮೂರು ಹೊತ್ತೂ ಬಟ್ಟಲುಗಟ್ಟಲೆ ತಿಂದರು. ಬೇಚುವಿನಲ್ಲಿ ವಿಟಮಿನ್ ಕೆ ಇದೆ, ಅದು ಆ ಔಷಧಿಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ರಕ್ತ ಪರೀಕ್ಷೆಯ ಅಂಕಿ ಏರುಪೇರಾಯಿತು. ವಿಮೆ ಇರಲಿಲ್ಲ, ಬಿಲ್ಲು ನನ್ನ ತಿಂಗಳ ಸಂಬಳ ದಾಟಿತು. ತಿನ್ನಲೇಬೇಡಿ ಎಂದು ವೈದ್ಯರು ಹೇಳಲಿಲ್ಲ, ದಿನವೂ ಒಂದೇ ಅಳತೆಯಲ್ಲಿ ತಿನ್ನಿ ಎಂದರು.

ಎಲ್ಲರೂ ಹಂಚುವ ಬೊಜ್ಜಿನ ಅಧ್ಯಯನವನ್ನು ಪೂರ್ತಿ ಓದಿ. 2024ರಲ್ಲಿ ಬಿಎಂಜೆ ಓಪನ್‌ನಲ್ಲಿ ಬಂದದ್ದು, 40ರಿಂದ 69 ವಯಸ್ಸಿನ 1,15,726 ಜನರನ್ನು ನೋಡಿದ್ದು. ದಿನಕ್ಕೆ ಒಂದರಿಂದ ಮೂರು ಸಲ ಬಡಿಸಿದಷ್ಟು ತಿನ್ನುವ ಗಂಡಸರಲ್ಲಿ ಬೊಜ್ಜು ಕಡಿಮೆ ಕಂಡಿತು, ನಿಜ. ಐದು ಮತ್ತು ಅದಕ್ಕಿಂತ ಹೆಚ್ಚು ತಿನ್ನುವವರಲ್ಲಿ ತೂಕವೂ ಸೊಂಟದ ಸುತ್ತಳತೆಯೂ ಹೆಚ್ಚೇ ಇದ್ದವು. ಕಾರಣ ಯಾವುದು, ಪರಿಣಾಮ ಯಾವುದು ಎಂದು ಅಂಥ ಅಧ್ಯಯನ ಹೇಳಲಾರದು. ದುಡ್ಡು ಕೊಟ್ಟದ್ದು ನಮ್ಮೂರಿನಲ್ಲೇ ಇರುವ ವಿಶ್ವ ಕಿಮ್ಚಿ ಸಂಸ್ಥೆ. ಇನ್ನು ಅಪ್ಪನ ರಕ್ತದೊತ್ತಡ ಕೇಳಿದ್ದಿರಲ್ಲ, ಅದಕ್ಕೆ ಉಪ್ಪು ನೋಡಿ: ನೂರು ಗ್ರಾಮ್ ಕಿಮ್ಚಿಯಲ್ಲಿ ಸುಮಾರು ಎರಡು ಗ್ರಾಮ್. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವುದು ಒಟ್ಟು ಐದು ಗ್ರಾಮಿಗಿಂತ ಕಡಿಮೆ.

ಹುಳಿಗೆ ಮೀನು ಬೇಕಿಲ್ಲ. ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾ ತರಕಾರಿಯ ಮೇಲೆಯೇ ಇರುತ್ತದೆ, ಬೆಳ್ಳುಳ್ಳಿಯಿಂದಲೂ ಬರುತ್ತದೆ. ನಾಲಗೆಗೆ ಚುರುಕೆನ್ನುವ ಗುಳ್ಳೆ ಅದರದ್ದು. ಹುಳಿ ಏರಿದಂತೆ ಲ್ಯಾಕ್ಟೊಬ್ಯಾಸಿಲಸ್ ಕುಲದವು ಮುಂದಾಗುತ್ತವೆ.

ಮಲೆನಾಡಿನ ಮಗಳು, ದೇಜೋನ್:
ನನ್ನ ರಕ್ತ ಪರೀಕ್ಷೆಯ ಕಾಗದ ನನ್ನ ಕೈಯಲ್ಲಿದೆ. ನಿಮ್ಮ ತಾಯಿಗೆ ಆದದ್ದು ಓದಿ ಸಂಕಟವಾಯಿತು, ಆದರೆ ಅದಕ್ಕೆ ನನ್ನ ಅನುಭವವನ್ನು ಸುಳ್ಳು ಎನ್ನಬೇಡಿ.

ಪ್ರಯೋಗಾಲಯದವನು, ಕ್ವಾಂಗ್ಜು:
ಸುಳ್ಳು ಎಂದಿಲ್ಲ. ಆ ವರ್ಷ ನೀವು ಅನ್ನ ಎಷ್ಟು ಕಡಿಮೆ ಮಾಡಿದಿರಿ, ಎಷ್ಟು ನಡೆದಿರಿ ಎಂದೂ ಬರೆಯಿರಿ. ಒಂದನ್ನೇ ಹೇಳಿದರೆ ಓದಿದವರು ಮಾತ್ರೆ ಬಿಟ್ಟು ಬಟ್ಟಲು ಹಿಡಿಯುತ್ತಾರೆ.

ರಾಘವೇಂದ್ರ ಭಕ್ತೆ, ಸೋಲ್:
ಕಿಮ್ಚಿ ಜಿಗೆ (ಕಿಮ್ಚಿಯ ಗಟ್ಟಿ ಸಾರು) ಕುದಿಸಿದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆಯಲ್ಲ? ನಮ್ಮವರು ಕುದಿಸಿದ್ದನ್ನೇ ತಿನ್ನುವುದು.

ಪ್ರಯೋಗಾಲಯದವನು, ಕ್ವಾಂಗ್ಜು:
ಸಾಯುತ್ತವೆ. ನಾರು ಉಳಿಯುತ್ತದೆ, ಉಪ್ಪೂ ಉಳಿಯುತ್ತದೆ.

ಸುವಾನ್ ಹೊಸಬ:
ಎಲ್ಲರಿಗೂ ಧನ್ಯವಾದ. ಎರಡು ಬೇಚು, ದಶಿಮಾ ನೀರು, ಇರುವ ಫ್ರಿಜ್ಜಿನಲ್ಲೇ ಎಂದುಕೊಂಡಿದ್ದೇವೆ. ಗೊಚುಗಾರು ಬದಲು ಊರಿನಿಂದ ತಂದ ಬ್ಯಾಡಗಿ ಪುಡಿ ನಡೆಯುತ್ತದೆಯೇ?

ಪುಸಾನ್ ವಾಸಿ, ಕಾರವಾರ ಮೂಲ:
ಖಂಡಿತ ಬೇಡ. ಬಣ್ಣ ಬರುತ್ತದೆ, ಆದರೆ ಪುಡಿ ನುಣ್ಣಗಿರುತ್ತದೆ, ಎಲೆಗೆ ಕೆಸರಿನಂತೆ ಮೆತ್ತಿಕೊಳ್ಳುತ್ತದೆ.

ಮಲೆನಾಡಿನ ಮಗಳು, ದೇಜೋನ್:
ಬ್ಯಾಡಗಿ ಚೆನ್ನಾಗಿಯೇ ಬರುತ್ತದೆ. ಬೀಜ ತೆಗೆದು ತರಿಯಾಗಿ ಪುಡಿ ಮಾಡಿಕೊಳ್ಳಿ. ನಾನು ಅರ್ಧಕ್ಕರ್ಧ ಬೆರೆಸಿ ಹಾಕಿದ್ದೇನೆ, ಪುಸಾನ್‌ನವರು ಹಾಕಿ ನೋಡದೆ ಹೇಳುತ್ತಿದ್ದಾರೆ.

ಪುಸಾನ್ ವಾಸಿ, ಕಾರವಾರ ಮೂಲ:
ಹಾಕಿ ನೋಡಿಯೇ ಹೇಳುತ್ತಿದ್ದೇನೆ ಅಕ್ಕ. ಆ ವರ್ಷ ನಮ್ಮ ಮನೆಯಲ್ಲಿ ಅದನ್ನು ಅತ್ತೆ ಮುಟ್ಟಲಿಲ್ಲ.