ಇನ್‌ಕ್ಯುಬೇಟರ್‌ನಿಂದ ಬೆಳೆದ ಕಂಪನಿಗಳಿಗೆ ಅಲ್ಲಿ ನಿಜಕ್ಕೂ ಸಿಕ್ಕಿದ್ದೇನು?

ಪ್ರಶ್ನೆ:
ಏರ್‌ಬಿಎನ್‌ಬಿ (ಮನೆ ಬಾಡಿಗೆ ತಾಣ), ಡ್ರಾಪ್‌ಬಾಕ್ಸ್ (ಆನ್‌ಲೈನ್ ಫೈಲ್ ಸಂಗ್ರಹ), ಏಥರ್ (ಎಲೆಕ್ಟ್ರಿಕ್ ಸ್ಕೂಟರ್) ಮೂರನ್ನೂ 'ಇನ್‌ಕ್ಯುಬೇಟರ್‌ನಿಂದ ಬಂದವು', ಅಂದರೆ ಹೊಸ ಕಂಪನಿಗಳನ್ನು ಶುರುವಿನಲ್ಲಿ ಬೆಳೆಸುವ ಸಂಸ್ಥೆಗಳಿಂದ ಬಂದವು ಅಂತ ಒಂದೇ ಪಟ್ಟಿಗೆ ಸೇರಿಸ್ತಾರೆ. ಮೂರಕ್ಕೂ ಸಿಕ್ಕ ನೆರವು ಒಂದೇ ಥರದ್ದಾ? ನಮ್ಮದು ಸೆನ್ಸರ್ ಇರುವ ಹಾರ್ಡ್‌ವೇರ್, ಮೂವರ ತಂಡ, ಪ್ರೊಟೊಟೈಪ್ ಕೆಲಸ ಮಾಡ್ತಿದೆ. ಎಲ್ಲಿಗೆ ಅರ್ಜಿ ಹಾಕೋದು, ಸಹಿಗೆ ಮುಂಚೆ ಏನು ನೋಡಬೇಕು?

ಉತ್ತರ 1:
ಒಂದೇ ಥರದ್ದಲ್ಲ. ಮೊದಲೆರಡು ಹೋಗಿದ್ದು ಅಮೆರಿಕದ ವೈ ಕಾಂಬಿನೇಟರ್‌ಗೆ. ಅದು ಆಕ್ಸಿಲರೇಟರ್: ಮೂರು ತಿಂಗಳ ಬ್ಯಾಚ್, ಒಂದಿಷ್ಟು ಹಣ, ಬದಲಿಗೆ ಷೇರು, ಕೊನೆಗೆ ಹೂಡಿಕೆದಾರರ ಮುಂದೆ ಡೆಮೊ. ಡ್ರಾಪ್‌ಬಾಕ್ಸ್ 2007ರ ಬ್ಯಾಚು, ಏರ್‌ಬಿಎನ್‌ಬಿ 2009ರದು. ಏರ್‌ಬಿಎನ್‌ಬಿ 20,000 ಡಾಲರ್‌ಗೆ ಶೇ 6 ಷೇರು ಬಿಟ್ಟುಕೊಟ್ಟಿತ್ತು. ಆದರೆ ಹಣಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ವೈ ಕಾಂಬಿನೇಟರ್ ಸಹಸ್ಥಾಪಕ ಪಾಲ್ ಗ್ರಹಾಂ ಅವರ ಒತ್ತಾಯ: ಬಳಕೆದಾರರು ನ್ಯೂಯಾರ್ಕ್‌ನಲ್ಲಿದ್ದರೆ ನೀವೂ ಅಲ್ಲಿಗೇ ಹೋಗಿ. ಸ್ಥಾಪಕರು ಮನೆಮನೆಗೆ ಹೋಗಿ, ಮಾಲೀಕರು ಹಾಕಿದ್ದ ಮಸುಕು ಫೋಟೊಗಳ ಬದಲು ಒಳ್ಳೆಯ ಕ್ಯಾಮೆರಾದಲ್ಲಿ ತಾವೇ ತೆಗೆದು ಹಾಕಿದರು. ಆದಾಯ ಏರತೊಡಗಿದ್ದು ಆಮೇಲೆ.

ಏಥರ್ ದಾರಿಯೇ ಬೇರೆ. 2013ರಲ್ಲಿ ಐಐಟಿ ಮದ್ರಾಸ್ ಇನ್‌ಕ್ಯುಬೇಷನ್ ಸೆಲ್‌ನಲ್ಲಿ ಶುರುವಾಗಿ, ಸ್ಕೂಟರ್ ಮಾರುಕಟ್ಟೆಗೆ ಬಂದದ್ದು 2018ರಲ್ಲಿ, ಷೇರುಪೇಟೆಗೆ 2025ರಲ್ಲಿ. ಡ್ರೋನ್ ತಯಾರಿಸುವ ಐಡಿಯಾಫೋರ್ಜ್ ಕೂಡ ಐಐಟಿ ಬಾಂಬೆಯ ಇನ್‌ಕ್ಯುಬೇಟರ್ ಆದ ಸೈನ್‌ನಲ್ಲಿ (SINE) ಬೆಳೆದದ್ದು. ಇಂಥ ಉತ್ಪನ್ನಕ್ಕೆ ಬೇಕಾದದ್ದು ಲ್ಯಾಬು, ತಜ್ಞರು ಮತ್ತು ವರ್ಷಗಟ್ಟಲೆ ಸಮಯ. ನಿಮ್ಮದೂ ಇದೇ ಸಾಲಿಗೆ ಸೇರುತ್ತೆ.

ಉತ್ತರ 2:
ಹಾರ್ಡ್‌ವೇರ್ ಆದ್ದರಿಂದ ಕೇಳಲೇಬೇಕಾದ ಪ್ರಶ್ನೆ: ಇಎಂಸಿ ಪರೀಕ್ಷೆಗೆ (ಸಾಧನ ಸುತ್ತಲಿನ ಉಪಕರಣಗಳಿಗೆ ವಿದ್ಯುತ್ಕಾಂತೀಯ ತೊಂದರೆ ಕೊಡದೆ, ತಾನೂ ಅದಕ್ಕೆ ಸಿಲುಕದೆ ಕೆಲಸ ಮಾಡುತ್ತಾ ಅಂತ ನೋಡುವ ಪರೀಕ್ಷೆ) ಛೇಂಬರ್ ಇದೆಯಾ, ತಿಂಗಳಿಗೆ ಎಷ್ಟು ಗಂಟೆ ಸಿಗುತ್ತೆ? ಮೇಜಿನ ಮೇಲೆ ಚೆನ್ನಾಗಿ ಓಡುವ ಬೋರ್ಡು ಮೊದಲ ಪರೀಕ್ಷೆಯಲ್ಲಿ ಬೀಳೋದು ಮಾಮೂಲು. ಗ್ರೌಂಡ್ ಪ್ಲೇನ್ (ಬೋರ್ಡಿನಲ್ಲಿ ಗ್ರೌಂಡ್‌ಗೆ ಜೋಡಿಸಿದ ತಾಮ್ರದ ಪದರ) ನಡುವೆ ಕತ್ತರಿಸಿರುತ್ತೆ, ಇಲ್ಲವೇ ಸೆನ್ಸರ್ ಕೇಬಲ್ಲೇ ಆಂಟೆನಾ ಆಗಿಬಿಟ್ಟಿರುತ್ತೆ. ಬೋರ್ಡನ್ನು ಮತ್ತೆ ವಿನ್ಯಾಸ ಮಾಡಿ, ಮಾಡಿಸಿ ತರುವಷ್ಟರಲ್ಲಿ ವಾರಗಳು ಹೋಗುತ್ತವೆ. 'ಥ್ರೀಡಿ ಪ್ರಿಂಟರ್ ಇದೆ' ಅನ್ನೋದನ್ನೇ ದೊಡ್ಡ ಸೌಲಭ್ಯ ಅಂತ ತೋರಿಸುವ ಕಡೆ ಹೋಗಬೇಡಿ.

ಒಪ್ಪಂದದಲ್ಲಿ ಬೌದ್ಧಿಕ ಆಸ್ತಿಯ ಷರತ್ತನ್ನು ಎರಡು ಸಲ ಓದಿ. ಸಂಸ್ಥೆಯ ಉಪಕರಣ ಬಳಸಿದ ಮಾತ್ರಕ್ಕೆ ಪೇಟೆಂಟಿನಲ್ಲಿ ಪಾಲು ಕೇಳುವ ಸಾಲು ಅಲ್ಲಿರಬಹುದು. ಮುಂದೆ ಹೂಡಿಕೆದಾರರ ವಕೀಲರು ಮೊದಲು ತಡೆಯುವುದೇ ಅದಕ್ಕೆ. ಪ್ರೊಟೊಟೈಪನ್ನು ಬಹಿರಂಗವಾಗಿ ತೋರಿಸುವ ಮುಂಚೆ ಪೇಟೆಂಟ್ ಅರ್ಜಿ ಹಾಕಿ. ತೋರಿಸಿದ ಮೇಲೆ ಹಾಕಿದರೆ ಅದು ಹೊಸದಲ್ಲ ಅಂತ ಅನೇಕ ದೇಶಗಳಲ್ಲಿ ತಳ್ಳಿಹಾಕುತ್ತಾರೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗ ಆಯ್ತು. ವೈ ಕಾಂಬಿನೇಟರ್ ಈಗ ಶೇ 7 ತಗೊಳ್ಳುತ್ತೆ ಅಂತಾರಲ್ಲ, ಅಷ್ಟೇನಾ?

ಉತ್ತರ 3:
ಅಷ್ಟೇ ಅಲ್ಲ. 2022ರಲ್ಲಿ ಪ್ರಕಟಿಸಿದ ಕರಾರಿನಲ್ಲಿ ಒಟ್ಟು 5 ಲಕ್ಷ ಡಾಲರ್ ಎರಡು ಭಾಗ ಆಗಿದೆ. 1,25,000 ಡಾಲರ್‌ಗೆ ಶೇ 7. ಉಳಿದ 3,75,000ಕ್ಕೆ ಬೆಲೆ ಆಗ ಗೊತ್ತು ಮಾಡೋದಿಲ್ಲ. ಮುಂದೆ ಬೇರೆಯವರಿಗೆ ನೀವು ಕೊಡುವ ಅತ್ಯುತ್ತಮ ಷರತ್ತೇ ಅದಕ್ಕೂ ಅನ್ವಯ. ಉದಾಹರಣೆಗೆ, ನಂತರದ ಹೂಡಿಕೆದಾರರಿಗೆ 1 ಕೋಟಿ ಡಾಲರ್ ಪೋಸ್ಟ್-ಮನಿ ಕ್ಯಾಪ್ (ಈ ಹೂಡಿಕೆಯ ಹಣವನ್ನೂ ಸೇರಿಸಿ ಲೆಕ್ಕ ಹಾಕುವ ಕಂಪನಿ ಬೆಲೆಯ ಮೇಲ್ಮಿತಿ) ಕೊಟ್ಟರೆ ಆ ಭಾಗ ಶೇ 3.75 ಆಗುತ್ತೆ, ಒಟ್ಟು ಶೇ 10.75. ಕ್ಯಾಪ್ 50 ಲಕ್ಷಕ್ಕೆ ಇಳಿದರೆ ಒಟ್ಟು ಶೇ 14.5. ಹೊಸ ಹೂಡಿಕೆದಾರರ ಪಾಲು ಇದರ ಮೇಲೆ.

ಯಾವ ಕಡೆ ಹೋದರೂ, ಅಲ್ಲಿಂದ ಹೊರಬಂದ ಕಂಪನಿಗಳ ಪೂರ್ತಿ ಪಟ್ಟಿ ಕೇಳಿ. ಗೆದ್ದವರ ಹೆಸರು ಗೋಡೆ ಮೇಲೇ ಇರುತ್ತೆ. ಮುಚ್ಚಿದ ಎರಡು ಕಂಪನಿಗಳ ಸ್ಥಾಪಕರಿಗೆ ಫೋನ್ ಮಾಡಿ, ಲ್ಯಾಬ್ ಬೇಕಾದಾಗ ಸಿಗ್ತಿತ್ತಾ, ಮೆಂಟರ್‌ಗಳು ಎಷ್ಟು ಸಲ ಬಂದರು, ಇಷ್ಟು ಕೇಳಿ.