ಸಹಾಯ ಬೇಕು: ಉತ್ತರ ಬೆಂಗಳೂರಿನಲ್ಲಿ ಸಿಎಂವಿ ವೈರಲ್ ಲೋಡ್ ಪರೀಕ್ಷೆ

ನಮಸ್ಕಾರ. ನನ್ನ ತಮ್ಮನಿಗೆ ಮೂತ್ರಪಿಂಡ ಕಸಿಯಾಗಿದೆ. ಈಗ ಸಿಎಂವಿ (ಸೈಟೊಮೆಗಾಲೊವೈರಸ್) ಸೋಂಕಿಗೆ ವಾಲ್‌ಗ್ಯಾನ್‌ಸಿಕ್ಲೋವಿರ್ ಮಾತ್ರೆ ನಡೆಯುತ್ತಿದೆ. ಆಸ್ಪತ್ರೆಯ ಲ್ಯಾಬಿನಲ್ಲಿ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, 1,800 ಬಂದಿತ್ತು. ಅದೇ ವಾರ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ ಖಾಸಗಿ ಲ್ಯಾಬಿನ ವರದಿಯಲ್ಲಿ 9,400! ಅಮ್ಮನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದರ ಮೂಲೆಯಲ್ಲಿ ‘ಪ್ಲಾಸ್ಮಾ, ಐಯು/ಎಂಎಲ್’ ಎಂದಿದೆ, ಇನ್ನೊಂದರಲ್ಲಿ ‘ಹೋಲ್ ಬ್ಲಡ್, ಕಾಪೀಸ್/ಎಂಎಲ್’. ಇರುವೆಯಷ್ಟು ಸಣ್ಣ ಅಕ್ಷರ. ದಪ್ಪಕ್ಷರವೆಲ್ಲ ಲೋಗೋಗೆ ಮೀಸಲು. ಪ್ಲಾಸ್ಮಾ ಎಂದರೆ ಜೀವಕೋಶಗಳನ್ನು ಬೇರ್ಪಡಿಸಿದ ರಕ್ತದ ದ್ರವಭಾಗ; ಹೋಲ್ ಬ್ಲಡ್, ಅಂದರೆ ಇಡೀ ರಕ್ತದಲ್ಲಿ ಜೀವಕೋಶಗಳೊಳಗಿನ ವೈರಸ್ಸೂ ಎಣಿಕೆಗೆ ಸೇರುವುದರಿಂದ ಅಂಕಿ ಸಾಮಾನ್ಯವಾಗಿ ಹೆಚ್ಚು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಸಿಎಂವಿಗೆ ಅಂತರರಾಷ್ಟ್ರೀಯ ಮಾನದಂಡ ತಂದಿದೆ; ಐಯು ಎಂದರೆ ಅದಕ್ಕೆ ಹೊಂದಿಸಿದ ಅಂತರರಾಷ್ಟ್ರೀಯ ಏಕಮಾನ, ಕಾಪೀಸ್ ಎಂದರೆ ವೈರಸ್ಸಿನ ಪ್ರತಿಗಳ ಎಣಿಕೆ. ಆದರೂ ಪರೀಕ್ಷೆಯ ಕಿಟ್ ಬದಲಾದರೆ ಫಲಿತಾಂಶ ಪೂರ್ತಿ ತಾಳೆಯಾಗುವುದಿಲ್ಲವಂತೆ. ಒಂದೇ ಲ್ಯಾಬಿನಲ್ಲೂ ಮೂರು ಪಟ್ಟಿಗಿಂತ ಕಡಿಮೆ ಏರಿಳಿತವನ್ನು, ಅಂದರೆ ಲಾಗರಿದಮ್ ಲೆಕ್ಕದಲ್ಲಿ ಸುಮಾರು 0.5 ಲಾಗ್, ನಿಜವಾದ ಬದಲಾವಣೆ ಎಂದು ಹಿಡಿಯಬಾರದು ಎಂದರು ವೈದ್ಯರು. ‘ಒಂದೇ ಕಡೆ, ಒಂದೇ ವಿಧಾನದಲ್ಲಿ ಮಾಡಿಸಿ’ ಎನ್ನುವುದು ಅವರ ಸಲಹೆ.

ತೊಡಕಿರುವುದು ಇಲ್ಲಿ. ತಮ್ಮ ಇರುವುದು ಯಲಹಂಕದಲ್ಲಿ, ಆಸ್ಪತ್ರೆ ನಗರದ ಇನ್ನೊಂದು ತುದಿಯಲ್ಲಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವನನ್ನು ವಾರವಾರ ತುಂಬಿದ ಬಸ್ಸಿನಲ್ಲಿ ಕರೆದೊಯ್ಯಲು ಮನಸ್ಸಿಲ್ಲ.

ಯಲಹಂಕ, ಹೆಬ್ಬಾಳ, ಸಹಕಾರನಗರದ ಕಡೆ ಪ್ಲಾಸ್ಮಾದಲ್ಲೇ ಪರೀಕ್ಷಿಸಿ, ಐಯು/ಎಂಎಲ್‌ನಲ್ಲಿ ವರದಿ ಕೊಟ್ಟು, ಕಿಟ್ಟಿನ ಹೆಸರನ್ನೂ ನಮೂದಿಸುವ ಲ್ಯಾಬ್ ಯಾರಿಗಾದರೂ ಗೊತ್ತೇ? ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಿಂದ ಪ್ಲಾಸ್ಮಾವನ್ನು ಅಲ್ಲೇ ಬೇರ್ಪಡಿಸುತ್ತಾರೋ, ವರದಿಗೆ ಎಷ್ಟು ದಿನ ಬೇಕು, ದರವೆಷ್ಟು ಎಂಬುದನ್ನೂ ತಿಳಿಸಿ. ಔಷಧಿಯ ಸಲಹೆ ದಯವಿಟ್ಟು ಬೇಡ, ಅದನ್ನು ವೈದ್ಯರು ನೋಡಿಕೊಳ್ಳುತ್ತಾರೆ.