ಕಮಾಂಡ್‌ಲೈನ್ ಉಪಕರಣವು ತನ್ನ ಸಹಾಯಕ ಪ್ರೋಗ್ರಾಂಗಳನ್ನು ಎಲ್ಲಿ ಹುಡುಕಬೇಕು, ಹೇಗೆ ಓಡಿಸಬೇಕು?

ಪ್ರಶ್ನೆ

ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಮಾಡಿದ ಪುಟಗಳನ್ನು ಪಠ್ಯವಾಗಿ ಪರಿವರ್ತಿಸಲು ಪೈಥಾನ್‌ನಲ್ಲಿ ‘ಪುಟ’ ಎಂಬ ಚಿಕ್ಕ ಉಪಕರಣವೊಂದನ್ನು ಬರೆದುಕೊಂಡಿದ್ದೇನೆ. ಇದು ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಓರೆಯಾದ ಪುಟವನ್ನು ನೇರಗೊಳಿಸಲು ‘ಪುಟ-ನೇರ’ ಎಂಬ ನನ್ನದೇ ಪೈಥಾನ್ ಸ್ಕ್ರಿಪ್ಟನ್ನೂ, ಅಕ್ಷರಗಳನ್ನು ಗುರುತಿಸಲು ಟೆಸರಾಕ್ಟನ್ನೂ, ಕೊನೆಯಲ್ಲಿ ಒತ್ತಕ್ಷರಗಳ ತಪ್ಪುಗಳನ್ನು ಸರಿಪಡಿಸಲು ‘ಪುಟ-ತಿದ್ದು’ ಎಂಬ ಇನ್ನೊಂದು ಸ್ಕ್ರಿಪ್ಟನ್ನೂ ಕರೆಯುತ್ತದೆ. ನನ್ನ ಸ್ಕ್ರಿಪ್ಟುಗಳು ಹೋಮ್ ಫೋಲ್ಡರಿನ ಒಳಗಿನ ‘ಬಿನ್’ನಲ್ಲಿವೆ, ಆ ಫೋಲ್ಡರನ್ನು, ಟರ್ಮಿನಲ್ ತೆರೆದಾಗ ಓದಲಾಗುವ ಬ್ಯಾಷ್‌ಆರ್‌ಸಿ ಕಡತದ ಮೂಲಕ, ಪಾತ್‌ಗೆ (ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಗೆ) ಸೇರಿಸಿದ್ದೇನೆ.

ಟರ್ಮಿನಲ್‌ನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ. ರಾತ್ರಿ ತಾನಾಗಿಯೇ ಓಡಲೆಂದು ಕ್ರಾನ್‌ಗೆ ವಹಿಸಿದರೆ, ‘ಪುಟ-ನೇರ’ ಸಿಗಲಿಲ್ಲವೆಂಬ ಒಂದು ಸಾಲು ಮತ್ತು 127 ಎಂಬ ನಿರ್ಗಮನ ಸಂಖ್ಯೆ, ಇಷ್ಟೇ ಲಾಗ್‌ನಲ್ಲಿ ಉಳಿಯುತ್ತದೆ. ಸ್ನೇಹಿತರೊಬ್ಬರ ಲ್ಯಾಪ್‌ಟಾಪಿನಲ್ಲಿ ಇನ್ನೂ ವಿಚಿತ್ರ: ಅವರು ವಿಂಡೋಸ್‌ನಲ್ಲಿ ತಿದ್ದಿ ಲಿನಕ್ಸಿಗೆ ತಂದ ಸ್ಕ್ರಿಪ್ಟು ಫೋಲ್ಡರಿನಲ್ಲಿ ಕಣ್ಣಿಗೆ ಕಾಣುತ್ತಿದೆ, ಓಡಿಸುವ ಅನುಮತಿಯೂ ಇದೆ, ಆದರೂ ‘ಸಿಗಲಿಲ್ಲ’ ಎಂದೇ ಬರುತ್ತದೆ. ಇವಲ್ಲದೆ ‘ಸಂಪುಟ 2 (ಪರಿಷ್ಕೃತ)’ ಎಂಬ ಹೆಸರಿನ ಕಡತ ಬಂದಾಗ ಉಪಕರಣ ವಾಕ್ಯರಚನೆಯ ದೋಷ ತೋರಿಸಿ ನಿಂತುಬಿಟ್ಟಿತು. ಸಹಾಯಕ ಪ್ರೋಗ್ರಾಂಗಳನ್ನು ಒಂದೇ ಉದ್ದದ ಸ್ಟ್ರಿಂಗ್ ಆಗಿ ಜೋಡಿಸಿ, ಶೆಲ್ (ಆದೇಶದ ಸಾಲನ್ನು ಓದಿ ಓಡಿಸುವ ಪ್ರೋಗ್ರಾಂ) ಮೂಲಕ ಕರೆಯುತ್ತಿದ್ದೇನೆ. ಸದ್ಯಕ್ಕೆ ಪೂರ್ಣ ವಿಳಾಸಗಳನ್ನು ಕೋಡಿನಲ್ಲೇ ಬರೆದು ಕೆಲಸ ಸಾಗಿಸುತ್ತಿದ್ದೇನಾದರೂ ಅದು ನನ್ನ ಗಣಕದ ಆಚೆಗೆ ನಡೆಯುವುದಿಲ್ಲ. ಸರಿಯಾದ ಕ್ರಮ ಯಾವುದು?

ಉತ್ತರ 1

ಮೊದಲು ಕ್ರಾನ್ ವಿಷಯ. ಕ್ರಾನ್ ನಿಮ್ಮ ಬ್ಯಾಷ್‌ಆರ್‌ಸಿಯನ್ನು ಓದುವುದೇ ಇಲ್ಲ. ಡೆಬಿಯನ್‌ನಲ್ಲಿ ಅದು ಕೊಡುವ ಪಾತ್‌ನಲ್ಲಿ ಇರುವುದು /ಯುಎಸ್‌ಆರ್/ಬಿನ್ ಮತ್ತು /ಬಿನ್ ಎರಡೇ. ಹೀಗಾಗಿ ಟೆಸರಾಕ್ಟ್ ಸಿಗುತ್ತದೆ, ನಿಮ್ಮ ಸ್ಕ್ರಿಪ್ಟು ಸಿಗುವುದಿಲ್ಲ. 127 ಎನ್ನುವುದು ಶೆಲ್ ಹೇಳುವ ಮಾತು: ಆ ಹೆಸರಿನ ಆದೇಶ ಸಿಗಲಿಲ್ಲ ಎಂದರ್ಥ. ಸಿಕ್ಕಿಯೂ ಓಡಿಸಲಾಗದಿದ್ದರೆ 126 ಬರುತ್ತದೆ.

ಆದರೆ ಕ್ರಾನ್‌ನ ಪಾತ್ ತಿದ್ದಿ ಸುಮ್ಮನಾಗಬೇಡಿ. ನಿಮ್ಮಲ್ಲಿ ಎರಡು ಬಗೆಯ ಸಹಾಯಕರಿದ್ದಾರೆ, ಅವರನ್ನು ಒಂದೇ ರೀತಿಯಲ್ಲಿ ಹುಡುಕುತ್ತಿರುವುದೇ ಮೂಲ ತೊಡಕು. ಟೆಸರಾಕ್ಟ್ ಹೊರಗಿನದು, ಅದನ್ನು ಯಾರು ಎಲ್ಲಿ ಸ್ಥಾಪಿಸಿಕೊಂಡಿದ್ದಾರೆಂದು ತಿಳಿಸುವುದಕ್ಕೇ ಪಾತ್ ಇರುವುದು. ‘ಪುಟ-ನೇರ’ವಾದರೋ ನಿಮ್ಮ ಉಪಕರಣದ ಅಂಗ. ಅದರ ಜೊತೆಯಲ್ಲೇ ಬಂದದ್ದು ಅದರ ಪಕ್ಕದಲ್ಲೇ ಸಿಗಬೇಕೇ ಹೊರತು, ಬಳಕೆದಾರರ ಪಾತ್ ಹೇಗಿದೆ ಎನ್ನುವುದರ ಮೇಲೆ ಅವಲಂಬಿಸಬಾರದು.

ಕೋಡಿನ ಆವೃತ್ತಿಗಳನ್ನು ನಿರ್ವಹಿಸುವ ಗಿಟ್ ನಡೆದ ದಾರಿ ಇಲ್ಲಿ ಬಹಳ ಉಪಯುಕ್ತ. ಮೊದಮೊದಲು ‘ಗಿಟ್-ಆಡ್’, ‘ಗಿಟ್-ಕಮಿಟ್’ ಮುಂತಾದ ನೂರಕ್ಕೂ ಹೆಚ್ಚು ಆದೇಶಗಳು ನೇರವಾಗಿ ಬಳಕೆದಾರರ ಪಾತ್‌ನಲ್ಲೇ ಕಾಣಿಸಿಕೊಳ್ಳುತ್ತಿದ್ದವು. 2008ರಲ್ಲಿ ಬಂದ 1.6.0 ಆವೃತ್ತಿಯಿಂದ ಅವುಗಳನ್ನು ‘ಲಿಬ್‌ಎಕ್ಸೆಕ್’ ಒಳಗಿನ ‘ಗಿಟ್-ಕೋರ್’ ಎಂಬ ಪ್ರತ್ಯೇಕ ಫೋಲ್ಡರಿಗೆ ಸರಿಸಿದರು; ಡೆಬಿಯನ್‌ನಲ್ಲಿ ಅದು ‘ಲಿಬ್’ ಒಳಗಿದೆ. ಗಿಟ್ ಮೊದಲು ಆ ಫೋಲ್ಡರನ್ನು, ಆಮೇಲೆ ಪಾತ್ ಅನ್ನು ನೋಡುತ್ತದೆ. ಆದ್ದರಿಂದಲೇ ‘ಗಿಟ್-’ ಎಂದು ಆರಂಭವಾಗುವ ನಿಮ್ಮದೇ ಸ್ಕ್ರಿಪ್ಟನ್ನು ಪಾತ್‌ನಲ್ಲಿ ಎಲ್ಲಿಟ್ಟರೂ ಅದು ಗಿಟ್‌ನ ಉಪ-ಆದೇಶದಂತೆಯೇ ಓಡುತ್ತದೆ. ರಸ್ಟ್ ಭಾಷೆಯ ಕಾರ್ಗೊ ಮತ್ತು ಕುಬರ್ನೆಟೀಸ್‌ನ ಕ್ಯೂಬ್‌ಸಿಟಿಎಲ್ ಉಪಕರಣಗಳು ಕೂಡ ಹೊರಗಿನವರ ವಿಸ್ತರಣೆಗಳಿಗೆ ಇದೇ ಅಡ್ಡಗೆರೆಯ ಪದ್ಧತಿಯನ್ನು ಅನುಸರಿಸುತ್ತವೆ. ಜೊತೆಗೆ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ, ಹೆಸರಿಟ್ಟ ಮೌಲ್ಯ) ಮೂಲಕ ಆ ಫೋಲ್ಡರಿನ ವಿಳಾಸವನ್ನು ಬದಲಾಯಿಸಲು ಗಿಟ್ ಅವಕಾಶ ಕೊಡುತ್ತದೆ. ಪರೀಕ್ಷೆ ಮಾಡುವಾಗ ಇದರ ಬೆಲೆ ತಿಳಿಯುತ್ತದೆ, ನೀವೂ ಇಟ್ಟುಕೊಳ್ಳಿ.

ನಿಮ್ಮ ಸಹಾಯಕರೂ ಪೈಥಾನ್‌ನಲ್ಲೇ ಇರುವುದರಿಂದ ಇನ್ನೂ ಸುಲಭದ ಮಾರ್ಗವಿದೆ. ಅವನ್ನು ನಿಮ್ಮ ಪ್ಯಾಕೇಜಿನೊಳಗಿನ ಮಾಡ್ಯೂಲ್‌ಗಳನ್ನಾಗಿ ಮಾಡಿ, ಈಗ ಓಡುತ್ತಿರುವ ಅದೇ ಇಂಟರ್‌ಪ್ರಿಟರಿನ (ಪೈಥಾನ್ ಕೋಡನ್ನು ಓಡಿಸುವ ಪ್ರೋಗ್ರಾಮಿನ) ವಿಳಾಸವನ್ನು ‘ಸಿಸ್’ ಮಾಡ್ಯೂಲಿನಿಂದ ಪಡೆದು, ಅದಕ್ಕೆ ‘-ಎಂ’ ಆಯ್ಕೆಯೊಡನೆ ಮಾಡ್ಯೂಲಿನ ಹೆಸರು ಕೊಡಿ. ವರ್ಚುವಲ್ ಎನ್ವಿರಾನ್‌ಮೆಂಟಿನ (ಒಂದು ಯೋಜನೆಗೆಂದೇ ಪ್ರತ್ಯೇಕವಾಗಿಟ್ಟ ಪೈಥಾನ್ ಪರಿಸರದ) ಒಳಗಿದ್ದರೂ ಸರಿಯಾದ ಪೈಥಾನೇ ಸಿಗುತ್ತದೆ, ಕಡತ ಹುಡುಕುವ ಪ್ರಶ್ನೆಯೇ ಏಳುವುದಿಲ್ಲ.

ಉತ್ತರ 2

ಸ್ನೇಹಿತರ ಲ್ಯಾಪ್‌ಟಾಪಿನ ಸಮಸ್ಯೆಗೆ ಕಾರಣ ಸಾಲಿನ ಕೊನೆಯಲ್ಲಿರುವ, ಕಣ್ಣಿಗೆ ಕಾಣದ ಒಂದು ಚಿಹ್ನೆ. ವಿಂಡೋಸ್‌ನ ಸಂಪಾದಕಗಳು ಪ್ರತಿ ಸಾಲನ್ನೂ ಎರಡು ಬೈಟ್‌ಗಳಿಂದ ಮುಗಿಸುವುದುಂಟು. ಲಿನಕ್ಸಿಗೆ ಒಂದೇ ಸಾಕು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಪೈಥಾನಿನ ವಿಳಾಸವಿದೆಯಲ್ಲ, ಅದರ ಬಾಲಕ್ಕೆ ಆ ಹೆಚ್ಚಿನ ಬೈಟ್ ಅಂಟಿಕೊಂಡರೆ ಲಿನಕ್ಸಿನ ತಿರುಳಾದ ಕರ್ನಲ್ ಅದನ್ನೂ ಹೆಸರಿನ ಭಾಗವೆಂದೇ ಓದಿ, ಅಂಥ ಇಂಟರ್‌ಪ್ರಿಟರ್ ಇಲ್ಲವೆಂದು ತಿರುಗಿ ಹೇಳುತ್ತದೆ. ನಿಜವಾಗಿ ಇಲ್ಲದಿರುವುದು ಇಂಟರ್‌ಪ್ರಿಟರ್, ಆದರೆ ದೂರು ಕೇಳಿಬರುವುದು ಸ್ಕ್ರಿಪ್ಟಿನ ಹೆಸರಿನಲ್ಲಿ. ಇದೇ ಕಾರಣಕ್ಕೆ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ. ‘ಕ್ಯಾಟ್ -ಎ’ ಕೊಟ್ಟು ನೋಡಿ. ಸಾಲಿನ ಕೊನೆಯಲ್ಲಿ ಡಾಲರ್ ಚಿಹ್ನೆಯ ಹಿಂದೆ ಟೋಪಿ ಗುರುತಿನ ‘ಎಂ’ ಕಂಡರೆ ಇದೇ ರೋಗ. ಮೊದಲ ಉತ್ತರದಲ್ಲಿ ಹೇಳಿದ ಮಾಡ್ಯೂಲ್ ಕ್ರಮಕ್ಕೆ ಹೋದರೆ ಆ ಮೊದಲ ಸಾಲಿನ ಅಗತ್ಯವೇ ಇರುವುದಿಲ್ಲ.

ಉತ್ತರ 3

ಶೆಲ್ ಮೂಲಕ ಕರೆಯುವುದನ್ನು ದಯವಿಟ್ಟು ಇಂದೇ ಬಿಡಿ. ‘ಸಂಪುಟ 2 (ಪರಿಷ್ಕೃತ)’ ಎಂಬುದರಲ್ಲಿ ಶೆಲ್‌ಗೆ ಮೂರು ಪದಗಳೂ ಒಂದು ಆವರಣವೂ ಕಂಡವು. ನೀವು ಬಯಸಿದ್ದು ಒಂದೇ ಹೆಸರು. ಉದ್ಧರಣ ಚಿಹ್ನೆ ಸೇರಿಸಿ ಸರಿಮಾಡಲು ಹೊರಟರೆ, ಉದ್ಧರಣ ಚಿಹ್ನೆಯೇ ಇರುವ ಹೆಸರು ನಾಳೆ ಬರುತ್ತದೆ. ಬೇರೆ ಪ್ರೋಗ್ರಾಂಗಳನ್ನು ಓಡಿಸುವ ಪೈಥಾನಿನ ‘ಸಬ್‌ಪ್ರೋಸೆಸ್’ ಮಾಡ್ಯೂಲಿಗೆ ಪ್ರೋಗ್ರಾಮಿನ ಹೆಸರು ಮತ್ತು ಒಂದೊಂದು ಆರ್ಗ್ಯುಮೆಂಟನ್ನೂ ಪಟ್ಟಿಯ ಪ್ರತ್ಯೇಕ ಅಂಶವಾಗಿ ಕೊಡಿ; ನಡುವೆ ಯಾರೂ ಅದನ್ನು ಒಡೆದು ಓದುವುದಿಲ್ಲ. ಅಡ್ಡಗೆರೆಯಿಂದ ಆರಂಭವಾಗುವ ಕಡತದ ಹೆಸರು ಆಯ್ಕೆಯೆಂದು ತಪ್ಪು ತಿಳಿಯಲ್ಪಡದಂತೆ, ಹೆಸರಿನ ಮುಂದೆ ಚುಕ್ಕಿ ಮತ್ತು ಓರೆಗೆರೆ ಸೇರಿಸುವುದು ಸುರಕ್ಷಿತ.

ಟೆಸರಾಕ್ಟನ್ನು ಹುಡುಕಲು ‘ಶಟಿಲ್’ ಮಾಡ್ಯೂಲಿನ ‘ವಿಚ್’ ಇದೆ. ಅದನ್ನು ಉಪಕರಣ ಆರಂಭವಾದ ಕೂಡಲೇ ಕರೆಯಿರಿ. ಮುನ್ನೂರು ಪುಟಗಳನ್ನು ನೇರಗೊಳಿಸಿದ ಮೇಲೆ ಟೆಸರಾಕ್ಟ್ ಇಲ್ಲವೆಂದು ಹೇಳುವುದು ಬಳಕೆದಾರರ ರಾತ್ರಿಯನ್ನು ಹಾಳುಮಾಡಿದಂತೆ. ಪ್ರೋಗ್ರಾಂ ಸಿಕ್ಕಿದರೂ ಸಾಲದು, ಕನ್ನಡದ ದತ್ತಾಂಶವೂ ಬೇಕು: ಸ್ಥಾಪಿತ ಭಾಷೆಗಳ ಪಟ್ಟಿಯನ್ನು ಟೆಸರಾಕ್ಟನ್ನೇ ಕೇಳಿ, ಅದರಲ್ಲಿ ‘ಕೆ-ಎ-ಎನ್’ ಎಂಬ ಸಂಕೇತ ಇಲ್ಲದಿದ್ದರೆ ಯಾವ ಪ್ಯಾಕೇಜನ್ನು ಸ್ಥಾಪಿಸಬೇಕೆಂದು ಸ್ಪಷ್ಟವಾಗಿ ತಿಳಿಸಿ.

ಇನ್ನೊಂದು ಎಚ್ಚರಿಕೆ. ಸಹಾಯಕರ ಫಲಿತಾಂಶ ಮತ್ತು ದೋಷ ಸಂದೇಶ ಎರಡನ್ನೂ ಪೈಪ್ (ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ದತ್ತಾಂಶ ಹರಿಸುವ ಕೊಳವೆ) ಮೂಲಕ ಪಡೆಯುವುದಾದರೆ, ಒಂದನ್ನು ಪೂರ್ತಿ ಓದಿ ಆಮೇಲೆ ಇನ್ನೊಂದಕ್ಕೆ ಹೋಗಬೇಡಿ. ಲಿನಕ್ಸಿನಲ್ಲಿ ಪೈಪಿನ ಸಾಮಾನ್ಯ ಸಾಮರ್ಥ್ಯ 65,536 ಬೈಟ್. ಕನ್ನಡದಲ್ಲಿ ಅದು ಬೇಗ ತುಂಬುತ್ತದೆ: ಯುಟಿಎಫ್-8ರಲ್ಲಿ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ‘ಸ್ತ್ರೀ’ ಎಂಬ ಒಂದೇ ಅಕ್ಷರ 6 ಸಂಕೇತಗಳಿಂದಾಗಿ 18 ಬೈಟ್ ಹಿಡಿಯುತ್ತದೆ. ನೀವು ಓದದಿರುವ ಪೈಪ್ ತುಂಬಿದರೆ ಸಹಾಯಕ ಬರೆಯಲಾಗದೆ ಕಾಯುತ್ತದೆ, ನೀವು ಅದು ಮುಗಿಯಲೆಂದು ಕಾಯುತ್ತೀರಿ, ಇಬ್ಬರೂ ಬೆಳಗಿನವರೆಗೆ ಹಾಗೆಯೇ ನಿಲ್ಲುತ್ತೀರಿ. ‘ಸಬ್‌ಪ್ರೋಸೆಸ್’ನಲ್ಲಿರುವ ‘ಕಮ್ಯುನಿಕೇಟ್’ ಎರಡನ್ನೂ ಒಟ್ಟಿಗೇ ಓದುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಎರಡೂ ಸ್ಕ್ರಿಪ್ಟುಗಳನ್ನು ಮಾಡ್ಯೂಲ್ ಮಾಡಿ, ಆರ್ಗ್ಯುಮೆಂಟುಗಳನ್ನು ಪಟ್ಟಿಯಾಗಿ ಕೊಟ್ಟಿದ್ದೇನೆ. ನಿನ್ನೆ ರಾತ್ರಿ ಕ್ರಾನ್‌ನಲ್ಲಿ ಇಡೀ ಸಂಪುಟ, ಆವರಣದ ಹೆಸರಿನ ಕಡತವೂ ಸೇರಿದಂತೆ, ತಡೆಯಿಲ್ಲದೆ ಮುಗಿಯಿತು. ಸ್ನೇಹಿತರ ಕಡತದಲ್ಲಿ ಟೋಪಿ ಗುರುತಿನ ‘ಎಂ’ ಪ್ರತಿ ಸಾಲಿನಲ್ಲೂ ಇತ್ತು. ಒಂದೇ ಸಂದೇಹ ಉಳಿದಿದೆ: ಇದೇ ಉಪಕರಣವನ್ನು ವಿಂಡೋಸ್‌ಗೆ ಒಯ್ದರೆ ಪಾತ್ ಹುಡುಕಾಟ ಹೀಗೆಯೇ ಇರುತ್ತದೆಯೇ?

ಉತ್ತರ 1 ಬರೆದವರು

ಇರುವುದಿಲ್ಲ. ಬರಿಯ ಹೆಸರು ಕೊಟ್ಟರೆ ವಿಂಡೋಸ್ ಸಾಮಾನ್ಯವಾಗಿ ಪಾತ್‌ಗಿಂತ ಮೊದಲು ಪ್ರಸ್ತುತ ಫೋಲ್ಡರನ್ನೂ ನೋಡುತ್ತದೆ. ಯಾರೋ ಕಳಿಸಿದ ಸ್ಕ್ಯಾನ್‌ಗಳ ಫೋಲ್ಡರಿನಲ್ಲಿ ನಿಂತು ‘ಪುಟ’ವನ್ನು ಓಡಿಸಿದಾಗ, ಅಲ್ಲಿ ಟೆಸರಾಕ್ಟ್ ಎಂಬ ಹೆಸರಿನ ಬೇರೇನೋ ಇದ್ದರೆ ಅದೇ ಓಡಬಹುದು. ಈ ಅಪಾಯಕ್ಕಾಗಿಯೇ ಗೋ ಭಾಷೆಯವರು 2022ರ 1.19 ಆವೃತ್ತಿಯಲ್ಲಿ, ಪ್ರಸ್ತುತ ಫೋಲ್ಡರಿನಲ್ಲಿ ಸಿಕ್ಕ ಪ್ರೋಗ್ರಾಮನ್ನು ಓಡಿಸದೆ ದೋಷವೆಂದು ತಿಳಿಸುವಂತೆ ಬದಲಾಯಿಸಿದರು. ನೀವು ಆರಂಭದಲ್ಲೇ ಪೂರ್ಣ ವಿಳಾಸವನ್ನು ಕಂಡುಕೊಂಡು, ಅದು ಪ್ರಸ್ತುತ ಫೋಲ್ಡರಿನದಾಗಿದ್ದರೆ ತಿರಸ್ಕರಿಸಿ, ಮುಂದೆ ಪ್ರತಿ ಸಲವೂ ಆ ಪೂರ್ಣ ವಿಳಾಸದಿಂದಲೇ ಕರೆಯಿರಿ. ಲಿನಕ್ಸಿನಲ್ಲೂ ಪಾತ್‌ನ ನಡುವೆ ಎರಡು ಕೋಲನ್‌ಗಳು ಒಟ್ಟಿಗೆ ಬಂದರೆ ಆ ಖಾಲಿ ಜಾಗಕ್ಕೆ ಪ್ರಸ್ತುತ ಫೋಲ್ಡರ್ ಎಂದೇ ಅರ್ಥ, ಆದ್ದರಿಂದ ಈ ಪರಿಶೀಲನೆಯನ್ನು ಅಲ್ಲಿಯೂ ಇಟ್ಟುಕೊಳ್ಳಿ.